ದೊಡ್ಡ ಕಣಕ್ಕೆ ಇಳಿಯುವ ಮುನ್ನ

ತನ್ನ ಬಲವೆಷ್ಟು, ಕುಂದೆಷ್ಟು ಎಂಬುದನ್ನು ತಾನೇ ಅಳೆದುಕೊಳ್ಳುವುದು ಮನುಷ್ಯನಿಗೆ ಬಹು ಪ್ರಯಾಸದ ಕೆಲಸ. ಸಮಾನರ ನಡುವೆ ಗೆಲ್ಲುತ್ತಿರುವವರೆಗೆ ಅದರ ಅಗತ್ಯವೇ ತೋರುವುದಿಲ್ಲ. ಗೆದ್ದವನಿಗೆ ಗೆಲುವೇ ಲೆಕ್ಕ, ಗೆಲುವೇ ಉತ್ತರ. 'ಹಾಳೂರಿಗೆ ಉಳಿದವನೇ ಗೌಡ' ಎಂಬ ಗಾದೆಯನ್ನು ನಮ್ಮ ಹಿರಿಯರು ಹಾಸ್ಯಕ್ಕಾಗಿ ಮಾತ್ರ ಹೇಳಲಿಲ್ಲ. ಗೌಡಿಕೆಯು ಆಳಿನ ಯೋಗ್ಯತೆಯಿಂದ ಬಂದುದೋ ಊರಿನ ಬರಿದುತನದಿಂದ ಬಂದುದೋ ಎಂದು ವಿಚಾರಿಸಿಕೊಳ್ಳಲಿ ಎಂಬುದೂ ಅದರ ಅಭಿಪ್ರಾಯ. ಚಿಕ್ಕ ಕಣವನ್ನು ಬಿಟ್ಟು ದೊಡ್ಡ ಕಣಕ್ಕೆ ಇಳಿಯುವ ಕಾಲ ಬಂದಾಗ ಈ ವಿಚಾರಣೆಯು ತಪ್ಪದೆ ಒದಗುತ್ತದೆ. ಕೆಲವರು ಅದನ್ನು ಮೊದಲೇ ಮಾಡಿಕೊಳ್ಳುತ್ತಾರೆ. ಉಳಿದವರಿಗೆ ಎದುರಾಳಿಗಳು ಮಾಡಿಸುತ್ತಾರೆ.

ಶಿಡ್ಲಘಟ್ಟದ ಒಬ್ಬ ನಿವೃತ್ತ ಗಣಿತದ ಮೇಷ್ಟರು ಈ ವಿಚಾರಣೆಯನ್ನು ಕಾಗದದ ಮೇಲೆ ನಡೆಸುವ ಅಭ್ಯಾಸವುಳ್ಳವರು. 1968-69ರಲ್ಲಿ ಮೈಸೂರು ರಾಜ್ಯದ ತಂಡವು ಸಂತೋಷ್ ಟ್ರೋಫಿಯನ್ನು ಗೆದ್ದಾಗ ಅವರು ಬೆಂಗಳೂರಿನಲ್ಲಿ ವಿದ್ಯಾರ್ಥಿಯಾಗಿದ್ದರು. ಅಂದು ಹಿಡಿದ ಕಾಲ್ಚೆಂಡಿನ ಹುಚ್ಚು ಊರಿಗೆ ಮರಳಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಭಿನ್ನರಾಶಿಗಳನ್ನೂ ಪ್ರಮೇಯಗಳನ್ನೂ ಕಲಿಸಿದರೂ ಬಿಡಲಿಲ್ಲ. ಮಿತವಾದ ಮಾತಿನವರು. ಅವರ ಹತ್ತಿರ ಉದ್ದನೆಯ ಒಂದು ಲೆಕ್ಕದ ಪುಸ್ತಕವಿದೆ. ಯಾವ ತಂಡವನ್ನು ಕುರಿತು ಯೋಚಿಸಬೇಕಾದರೂ ಪುಟದ ನಡುವೆ ಒಂದು ಗೆರೆಯನ್ನೆಳೆದು, ಎಡಕ್ಕೆ 'ಬಲ' ಎಂದೂ ಬಲಕ್ಕೆ 'ಕುಂದು' ಎಂದೂ ತಲೆಬರಹ ಕೊಟ್ಟು ಬರೆಯುತ್ತಾರೆ. ಬಲವು ಎಡಕ್ಕೇಕೆ ಎಂದು ಮೊಮ್ಮಗನು ಒಮ್ಮೆ ನಕ್ಕಿದ್ದುಂಟು. ಜಮೆಯನ್ನು ಎಡಕ್ಕೆ ಬರೆಯುವುದೇ ರೂಢಿಯೆಂದು ಅವರ ಉತ್ತರ.

2017ನೆಯ ಇಸವಿ ಜೂನ್ ತಿಂಗಳಲ್ಲಿ ಈ ಪುಸ್ತಕಕ್ಕೆ ದೊಡ್ಡ ಕೆಲಸ ಬಿತ್ತು. ಅದುವರೆಗೆ ಐ-ಲೀಗಿನಲ್ಲಿ ಆಡುತ್ತಿದ್ದ ಬೆಂಗಳೂರು ಎಫ್.ಸಿ. ತಂಡವು ಇಂಡಿಯನ್ ಸೂಪರ್ ಲೀಗನ್ನು ಸೇರುವುದೆಂದು ಆ ತಿಂಗಳ 12ರಂದು ನಿಶ್ಚಯವಾಯಿತು. ಜೊತೆಯಲ್ಲಿ ಜಮ್‌ಷೆಡ್‌ಪುರದ ಹೊಸ ತಂಡವೊಂದು ಬಂದಿತು. 2014ರಲ್ಲಿ ಆರಂಭವಾಗಿ ಎರಡು ಮೂರು ತಿಂಗಳ ಜಾತ್ರೆಯಂತೆ ನಡೆಯುತ್ತಿದ್ದ ಆ ಪಂದ್ಯಾವಳಿಯು ಈಗ ಹತ್ತು ತಂಡಗಳ, ತಲಾ 18 ಪಂದ್ಯಗಳ, ನವೆಂಬರಿನಿಂದ ಮಾರ್ಚಿಯವರೆಗಿನ ದೀರ್ಘ ಕಾರ್ಯಕ್ರಮವಾಗಿ ಬೆಳೆದಿತ್ತು. ಅಲ್ಲಿ ಒಂದೊಂದು ತಂಡವೂ ಐವರು ವಿದೇಶೀಯರನ್ನು ಏಕಕಾಲದಲ್ಲಿ ಮೈದಾನಕ್ಕಿಳಿಸಬಹುದಾಗಿತ್ತು. ಧನವೂ ಅಲ್ಲಿಯೇ ಹೆಚ್ಚು, ಜನರ ಕಣ್ಣೂ ಅಲ್ಲಿಯೇ ಹೆಚ್ಚು.

ಅದೇ ಜೂನ್ ತಿಂಗಳಲ್ಲಿ ಮೇಷ್ಟರ ಮನೆಯಿಂದಲೂ ಒಬ್ಬನು ದೊಡ್ಡ ಕಣಕ್ಕೆ ಹೊರಟಿದ್ದನು. ಮೊಮ್ಮಗನು ಕನ್ನಡ ಮಾಧ್ಯಮದಲ್ಲಿ ಓದಿ, ಹತ್ತನೆಯ ತರಗತಿಯಲ್ಲಿ ತಾಲ್ಲೂಕಿನ ಮೊದಲ ಸಾಲಿನಲ್ಲಿ ತೇರ್ಗಡೆಯಾಗಿ, ವಿಜ್ಞಾನದ ಪಿ.ಯು. ತರಗತಿಗೆ ಬೆಂಗಳೂರಿನ ಒಂದು ಕಾಲೇಜನ್ನು ಸೇರಿದನು. ವಾಸ ಚಿಕ್ಕಮ್ಮನ ಮನೆಯಲ್ಲಿ. ಟ್ರಂಕಿಗೆ ಬೀಗ ಹಾಕುವ ಹೊತ್ತಿನಲ್ಲಿಯೂ ಮೇಷ್ಟರು ಪಡಸಾಲೆಯಲ್ಲಿ ಕುಳಿತು ಬೆಂಗಳೂರು ತಂಡದ ಬಲಾಬಲಗಳನ್ನು ಬರೆಯುತ್ತಿದ್ದುದನ್ನು ಕಂಡು ಸೊಸೆಯು ಸುಮ್ಮನಿರಲಾರದೆ, "ಮಾವಯ್ಯ, ಆಟದವರ ಲೆಕ್ಕವನ್ನೆಲ್ಲ ಬರೆದಿರಿ. ನಮ್ಮ ಹುಡುಗನ ಲೆಕ್ಕ ಬರೆಯುವುದು ಯಾವಾಗ?" ಎಂದು ಕೇಳಿದಳು. ಅವರು ಪುಟವನ್ನು ಮಗುಚಿ ಹೊಸ ಗೆರೆಯೊಂದನ್ನೆಳೆದರು. ಎಡಗಡೆಯು ಬೇಗನೆ ತುಂಬಿತು: ಜ್ಞಾಪಕಶಕ್ತಿ, ಗಣಿತ, ಬೆಳಗಿನ ಜಾವ ಏಳುವ ಅಭ್ಯಾಸ, ಸುಳ್ಳಾಡದ ಗುಣ. ಬಲಗಡೆಯಲ್ಲಿ ಬಹಳ ಹೊತ್ತು ತಡೆದು 'ಇಂಗ್ಲಿಷು' ಎಂದು ಒಂದೇ ಮಾತನ್ನು ಬರೆದು ಪುಸ್ತಕವನ್ನು ಮುಚ್ಚಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದ ಮೇಲೆ ಹೆತ್ತವರನ್ನು ಹೆತ್ತವರ ಮಾತೇನು!

ತಂಡದ ಲೆಕ್ಕದಲ್ಲಿಯಾದರೋ ಅವರಿಗೆ ದಾಕ್ಷಿಣ್ಯವಿರಲಿಲ್ಲ. ಎಡದ ಅಂಕಣವು ಸಾಕಷ್ಟು ದೊಡ್ಡದಾಗಿತ್ತು. 2013ರಲ್ಲಿ ಹುಟ್ಟಿದ ತಂಡವು ತನ್ನ ಮೊದಲನೆಯ ಋತುವಿನಲ್ಲಿಯೇ, ಆಂಗ್ಲ ಶಿಕ್ಷಕ ಆಶ್ಲಿ ವೆಸ್ಟ್‌ವುಡ್ಡರ ಕೈಕೆಳಗೆ, ಐ-ಲೀಗನ್ನು ಗೆದ್ದಿತ್ತು. 2015-16ರಲ್ಲಿ ಅದನ್ನೇ ಮತ್ತೊಮ್ಮೆ ಗೆದ್ದಿತು. 2015 ಮತ್ತು 2017ರಲ್ಲಿ ಫೆಡರೇಷನ್ ಕಪ್ಪು ಅದಕ್ಕೆ ಬಂದಿತು. ಸ್ಪೇನ್ ದೇಶದ ಆಲ್ಬರ್ಟ್ ರೋಕಾ ಅವರು ಶಿಕ್ಷಕರಾದ ವರ್ಷದಲ್ಲಿ, 2016ರ ಅಕ್ಟೋಬರಿನಲ್ಲಿ, ಮಲೇಷ್ಯಾದ ಪ್ರಬಲ ತಂಡವಾದ ಜೋಹೋರನ್ನು ಕಂಠೀರವ ಕ್ರೀಡಾಂಗಣದಲ್ಲಿ 3-1ರಿಂದ ಸೋಲಿಸಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ಏರಿತು. ಭಾರತದ ಯಾವ ತಂಡವೂ ಅದಕ್ಕೆ ಮೊದಲು ಅಲ್ಲಿಗೆ ಮುಟ್ಟಿರಲಿಲ್ಲ. ದೋಹಾದಲ್ಲಿ ನಡೆದ ಆ ಅಂತಿಮ ಪಂದ್ಯದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದು ಗೋಲಿನಿಂದ ಸೋತುದೂ ಬಲದ ಅಂಕಣದಲ್ಲಿಯೇ ದಾಖಲಾಯಿತು. ಅಷ್ಟು ಎತ್ತರದಲ್ಲಿ ಸೋಲುವುದೂ ಒಂದು ಅನುಭವವೆಂಬುದು ಮೇಷ್ಟರ ಮತ. ನಾಯಕ ಸುನಿಲ್ ಛೇತ್ರಿ 2015ರಲ್ಲಿಯೂ 2016ರಲ್ಲಿಯೂ ಮುಂಬಯಿ ತಂಡದ ಪರವಾಗಿ ಸೂಪರ್ ಲೀಗಿನಲ್ಲಿ ಆಡಿದ್ದವರಾದುದರಿಂದ ಹೊಸ ಕಣದ ಮಣ್ಣು ಅವರಿಗೆ ಹೊಸದಲ್ಲ. ಇನ್ನು ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುವ ಅಭಿಮಾನಿಗಳನ್ನು ಯಾವ ಹಣದಿಂದಲೂ ಕೊಳ್ಳಲಾಗದು.

ಬಲದ ಅಂಕಣದ ಕೊನೆಯಲ್ಲಿ ಮೇಷ್ಟರು 'ಊರಿನ ಪರಂಪರೆ' ಎಂದು ಸೇರಿಸಿದರು. ಅದು ಬರಿಯ ಅಭಿಮಾನವಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಗೆ ಹೋಗಿ, ಅದುವರೆಗೆ ಗೋರಾ ಸೈನಿಕರ ತಂಡಗಳ ಸ್ವತ್ತಾಗಿದ್ದ ರೋವರ್ಸ್ ಕಪ್ಪನ್ನು, ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ ಗೆದ್ದುಕೊಂಡಿತು. ಆ ಕಪ್ಪನ್ನು ಗೆದ್ದ ಮೊದಲನೆಯ ಭಾರತೀಯ ತಂಡ ಅದೇ. ಮರುವರ್ಷವೂ ಕಪ್ಪು ಬೆಂಗಳೂರಿಗೇ ಬಂದಿತು. 1946-47ರಲ್ಲಿ ಮೈಸೂರು ತಂಡವು ಬಂಗಾಳವನ್ನು 2-1ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮೊದಲ ಸಲ ಪಡೆಯಿತು. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತದ ತಂಡದಲ್ಲಿ ಬೆಂಗಳೂರಿನ ಹುಡುಗರು ಹಲವರಿದ್ದರು. ಅವರಲ್ಲೊಬ್ಬರಾದ ಸಾರಂಗಪಾಣಿ ರಾಮನ್ನರು ಫ್ರಾನ್ಸಿನ ಮೇಲೆ ಹೊಡೆದ ಗೋಲೇ ಒಲಿಂಪಿಕ್ಸಿನಲ್ಲಿ ಭಾರತದ ಪ್ರಥಮ ಗೋಲು.

ಆದರೆ ಅದೇ ಪರಂಪರೆಯ ಹೊಟ್ಟೆಯೊಳಗೆ ಒಂದು ಕುಂದಿನ ಪಾಠವೂ ಇದೆ. ಲಂಡನ್ನಿನಲ್ಲಿ ನಮ್ಮವರ ಪೈಕಿ ಬಹುಮಂದಿ ಬರಿಗಾಲಿನಲ್ಲಿ ಆಡಿದರು. ಚೆಂಡಿನ ಮೇಲೆ ಅವರಿಗಿದ್ದ ಹಿಡಿತವನ್ನು ಕಂಡು ನೋಟಕರು ಬೆರಗಾದರು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡರೂ ಸೋಲು 2-1ರಷ್ಟೇ ಆಯಿತು. ಬರಿಗಾಲು ನಮ್ಮ ಬಲವೆಂಬ ಮಾತು ಅಂದಿನಿಂದ ಹಬ್ಬಿತು. ನಾಲ್ಕು ವರ್ಷಗಳ ತರುವಾಯ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ತಂಡವು ನಮ್ಮ ಮೇಲೆ ಹತ್ತು ಗೋಲುಗಳನ್ನು ಹೊಡೆಯಿತು. ನಮ್ಮ ಕಡೆಯ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನರದು. ಆ ಬಳಿಕ ಬೂಟುಗಳು ಕಡ್ಡಾಯವಾದವು. ಒಣ ಮೈದಾನದಲ್ಲಿ ಬಲವಾಗಿದ್ದುದು ನೆನೆದ ಹುಲ್ಲಿನ ಮೇಲೆ ಕುಂದಾಯಿತು. ಕಾಲು ಅದೇ, ಚೆಂಡೂ ಅದೇ. ನೆಲ ಮಾತ್ರ ಬೇರೆ. ಆದುದರಿಂದ ಬಲವೆಂದು ಬರೆದ ಪ್ರತಿಯೊಂದು ಬಾಬಿನ ಎದುರಿಗೂ 'ಎಲ್ಲಿ?' ಎಂಬ ಪ್ರಶ್ನೆಯನ್ನು ಹಾಕಬೇಕೆಂದು ಮೇಷ್ಟರು ತಮ್ಮ ಹಳೆಯ ಶಿಷ್ಯರಿಗೆ ಹೇಳುವುದುಂಟು.

ಈ ಪ್ರಶ್ನೆಯನ್ನು ಅವರಿಗೆ ಸ್ಪಷ್ಟಮಾಡಿಕೊಟ್ಟವರು ಆಟದವರಲ್ಲ. ಬೀದಿಯ ಆಚೆಗಿದ್ದ ಒಬ್ಬ ನೂಲು ಬಿಚ್ಚಾಣಿಕೆಯ ಸಾಹೇಬರು. ಶಿಡ್ಲಘಟ್ಟದಲ್ಲಿ ಬಲಾಬಲ ಪರೀಕ್ಷೆಯು ದಿನನಿತ್ಯದ ವ್ಯವಹಾರ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಲಾಟಿನಿಂದ ಲಾಟಿಗೆ ಹೋಗಿ ಗೂಡುಗಳನ್ನು ಹಿಡಿಯಲ್ಲೆತ್ತಿ, ಅದುಮಿ, ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರೆ. ಹರಾಜು ಈಗ ಯಂತ್ರದ ಮೂಲಕ ನಡೆದರೂ ಬೆರಳಿನ ಪರೀಕ್ಷೆ ಬೆರಳಿನಿಂದಲೇ ಆಗಬೇಕು. ಮೇಷ್ಟರು ತಮ್ಮ ಎಡದ ಅಂಕಣವನ್ನು ಓದಿ ಹೇಳಿದಾಗ ಸಾಹೇಬರು ತಲೆಯಾಡಿಸಿ, "ಮೇಷ್ಟ್ರೇ, ಗೂಡು ಕೈಗೆ ಗಟ್ಟಿಯೆಂದು ಕಂಡರೆ ಸಾಲದು. ಬಿಸಿನೀರಿಗೆ ಬಿದ್ದು ಎಳೆ ಬಿಚ್ಚಿದ ಮೇಲೆ ತಾನೆ ಅದರ ಯೋಗ್ಯತೆ? ನೂಲಾದ ಮೇಲೂ ಮುಗಿಯಲಿಲ್ಲ. ಹೊಕ್ಕಿಗೆ ನಡೆಯುವ ನೂಲೆಲ್ಲ ಹಾಸಿಗೆ ನಡೆಯುವುದಿಲ್ಲ" ಎಂದರು.

ನೇಯ್ಗೆಯನ್ನು ಬಲ್ಲವರಿಗೆ ಈ ಮಾತಿನ ಸಾರವನ್ನು ವಿವರಿಸಬೇಕಾಗಿಲ್ಲ. ಮಗ್ಗದ ಮೇಲೆ ಹಾಸಿನ ಎಳೆಗಳು ಆರಂಭದಿಂದ ಕೊನೆಯವರೆಗೆ ಬಿಗಿದು ನಿಂತಿರಬೇಕು. ಮೇಲೆ ಕೆಳಗೆ ಎಳೆದಾಡಿದರೂ ಕಡಿಯಬಾರದು. ಹೊಕ್ಕಿನ ಎಳೆಗೆ ಅಷ್ಟು ಎಳೆತವಿಲ್ಲ. ಲಾಳಿಯೊಡನೆ ಹಾಯ್ದು ಹೋದರಾಯಿತು. ನಮ್ಮ ಸೀಮೆಯ ಮಿಶ್ರತಳಿಯ ಗೂಡಿನ ನೂಲು ಹೊಳಪಿನಲ್ಲಿ ಕಡಮೆಯಲ್ಲದಿದ್ದರೂ ಬಹುಮಟ್ಟಿಗೆ ಹೊಕ್ಕಿಗೆ ಹೋಗುತ್ತದೆ. ಯಂತ್ರದ ಮಗ್ಗದ ಹಾಸಿಗೆ ದ್ವಿತಳಿಯ ನೂಲನ್ನೇ ಕೇಳುತ್ತಾರೆ. ಅದರ ಎಳೆ ಹೆಚ್ಚು ಉದ್ದ, ಹೆಚ್ಚು ಸಮ. ಮಿಶ್ರತಳಿಯ ನೂಲು ಕೆಟ್ಟದೆಂದು ಇದರ ಅರ್ಥವಲ್ಲ. ಅದನ್ನು ಯಾವ ಎಳೆತಕ್ಕೆ ಒಡ್ಡುತ್ತಾರೆಂಬುದೇ ಮುಖ್ಯ. ಆ ಎಳೆತವನ್ನು ತಿಳಿಯದೆ ನೂಲನ್ನು ಹೊಗಳುವುದೂ ವ್ಯರ್ಥ, ತೆಗಳುವುದೂ ವ್ಯರ್ಥ.

ಇಷ್ಟು ಕೇಳಿದ ಮೇಲೆ ಬಲದ ಅಂಕಣಕ್ಕೆ ಬಿದ್ದ ಪೆಟ್ಟು ಸಾಮಾನ್ಯವಲ್ಲ. ಕುಂದಿನ ಅಂಕಣವು ಜುಲೈಯಲ್ಲಿ ಇನ್ನಷ್ಟು ಬೆಳೆಯಿತು. ಸೂಪರ್ ಲೀಗಿನ ನಿಯಮದಂತೆ ಒಂದು ತಂಡವು ತನ್ನ ಭಾರತೀಯ ಆಟಗಾರರಲ್ಲಿ ಕೆಲವರನ್ನು ಮಾತ್ರ ಉಳಿಸಿಕೊಂಡು, ಮಿಕ್ಕವರನ್ನು ಮುಂಬಯಿಯಲ್ಲಿ ನಡೆಯುವ ಸರದಿಯ ಆಯ್ಕೆಗೆ ಬಿಟ್ಟುಕೊಡಬೇಕಾಗಿತ್ತು. ಛೇತ್ರಿಯೂ ಉದಾಂತ ಸಿಂಗರೂ ಉಳಿದರು, ಅವರೊಡನೆ ಕಿರಿಯರಿಬ್ಬರು. ನಡುಮೈದಾನದ ಚೈತನ್ಯವಾಗಿದ್ದ ಯೂಜೆನ್‌ಸನ್ ಲಿಂಗ್ಡೋ ಕಲ್ಕತ್ತೆಯ ಪಾಲಾದರು. ಗೋಲು ಕಾಯುತ್ತಿದ್ದ ಅಮರಿಂದರ್ ಸಿಂಗ್ ಮುಂಬಯಿಗೆ, ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಎರಡು ಗೋಲುಗಳನ್ನೂ ಹೊಡೆದ ವಿನೀತ್ ಕೇರಳಕ್ಕೆ, ರಿನೋ ಆಂಟೋ ಸಹ ಕೇರಳಕ್ಕೆ ಹೋದರು. ನಾಲ್ಕು ವರ್ಷ ಕೂಡಿ ಆಡಿ ಬೆಳೆದ ಪರಸ್ಪರ ಪರಿಚಯವು ತಂಡದ ದೊಡ್ಡ ಬಲವೆಂದು ಬರೆದಿದ್ದ ಸಾಲನ್ನು ಮೇಷ್ಟರು ಹೊಡೆದುಹಾಕಬೇಕಾಯಿತು. ಹಿಂದಿನ ಋತುವಿನ ಐ-ಲೀಗಿನಲ್ಲಿ ತಂಡವು ನಾಲ್ಕನೆಯ ಸ್ಥಾನಕ್ಕೆ ಇಳಿದಿದ್ದುದನ್ನೂ, ಏಷ್ಯಾದ ಪಂದ್ಯಗಳೂ ಸ್ವದೇಶದ ಪಂದ್ಯಗಳೂ ಒಂದರ ಮೇಲೊಂದು ಬಂದು ಕಾಲುಗಳು ಸೋಲುವುದನ್ನೂ, ಕನ್ನಡನಾಡಿನ ಹುಡುಗರು ತಂಡದಲ್ಲಿ ವಿರಳವಾಗಿರುವುದನ್ನೂ ಅವರು ಬರೆದರು. ಅನಂತರ ಬಂದ ಜಮೆಗಳೂ ಇದ್ದವು: ನಾರ್ವೆಯಿಂದ ಮರಳಿದ ಗೋಲಿ ಗುರ್‌ಪ್ರೀತ್ ಸಿಂಗ್ ಸಂಧು, ಆಸ್ಟ್ರೇಲಿಯಾದ ಎರಿಕ್ ಪಾರ್ತಾಲು, ವೆನೆಜುವೆಲಾದ ಮೀಕು, ಸ್ಪೇನಿನ ದಿಮಾಸ್ ದೆಲ್ಗಾದೊ. ಎರಡು ಅಂಕಣಗಳೂ ಹೆಚ್ಚುಕಡಮೆ ಸಮವಾದವು.

ಇಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ನ್ಯಾಯಕ್ಕೆ ಕೊರತೆ. ದೊಡ್ಡ ಕಣದ ಬಾಗಿಲು ಯಾವಾಗಲೂ ಯೋಗ್ಯತೆಗೆ ಮಾತ್ರ ತೆರೆಯುವುದಿಲ್ಲ. 2016-17ರಲ್ಲಿ ಐ-ಲೀಗನ್ನು ಗೆದ್ದುದು ಬೆಂಗಳೂರಲ್ಲ. ಮಿಜೋರಾಮಿನ ಬೆಟ್ಟದ ಊರಾದ ಐಜಾಲಿನ ತಂಡ. ಕಲ್ಕತ್ತೆಯ ಮಹಾರಥಿಗಳನ್ನು ಹಿಂದೆ ಹಾಕಿದ ಆ ಪುಟ್ಟ ತಂಡಕ್ಕೆ ಸೂಪರ್ ಲೀಗಿನಲ್ಲಿ ಸ್ಥಾನ ದೊರೆಯಲಿಲ್ಲ. ಅಲ್ಲಿಗೆ ಪ್ರವೇಶವು ಹಣದ ಹರಾಜಿನಿಂದ ಆಗುತ್ತಿದ್ದಿತೇ ಹೊರತು ಗೆಲುವಿನಿಂದಲ್ಲ. ಐ-ಲೀಗನ್ನು ಗೆದ್ದು ಮೇಲಕ್ಕೆ ಏರುವ ಮೆಟ್ಟಿಲು ಏರ್ಪಟ್ಟುದು 2022-23ರ ಋತುವಿನಲ್ಲಿ. ಆಗ ಪಂಜಾಬಿನ ತಂಡವೊಂದು ಮೊದಲನೆಯದಾಗಿ ಹತ್ತಿತು. ಬೆಂಗಳೂರಿಗೆ ಯೋಗ್ಯತೆಯೂ ಇತ್ತು, ಬೆನ್ನ ಹಿಂದೆ ಧನಬಲವೂ ಇತ್ತು. ಐಜಾಲಿನ ಹುಡುಗರ ಪುಟದಲ್ಲಿ ಮೇಷ್ಟರು ಕುಂದಿನ ಕಡೆ 'ಬಡತನ' ಎಂದು ಬರೆದು, ಬಳಿಕ ಅದನ್ನು ಅಳಿಸಿದರು. ಅದು ತಂಡದ ಕುಂದಲ್ಲ, ಕಣದ ಕುಂದು ಎಂದು ಅವರಿಗೆ ತೋರಿತು. ಬೆಂಗಳೂರಿನ ಕಾಲೇಜಿಗೆ ಮೊಮ್ಮಗನ ಶುಲ್ಕವನ್ನು ಕಟ್ಟಿ ಬಂದ ವಾರವದು. ಅಷ್ಟೇ ಅಂಕಗಳನ್ನು ಪಡೆದಿದ್ದ ಅವನ ಸಹಪಾಠಿಯೊಬ್ಬನು ಊರಿನಲ್ಲಿಯೇ ಉಳಿದು ಫಿಲೇಚರಿನ ಕೆಲಸಕ್ಕೆ ಸೇರಿದ ವಾರವೂ ಅದೇ.

ನವೆಂಬರಿನಲ್ಲಿ ಆಟ ಮೊದಲಾಯಿತು. ಕಂಠೀರವದಲ್ಲಿ ಮುಂಬಯಿಯ ಮೇಲೆ 2-0. ಮುಂದಿನ ನಾಲ್ಕು ತಿಂಗಳುಗಳಲ್ಲಿ ಬೆಂಗಳೂರು ತಂಡವು 18 ಪಂದ್ಯಗಳಲ್ಲಿ 13ನ್ನು ಗೆದ್ದು, 40 ಅಂಕಗಳೊಡನೆ ಪಟ್ಟಿಯ ತುದಿಯಲ್ಲಿ ನಿಂತಿತು. ಎರಡನೆಯದಾದ ಚೆನ್ನೈ ತಂಡಕ್ಕೆ 32 ಅಂಕ. ಕುಂದಿನ ಅಂಕಣದಲ್ಲಿ ಬರೆದಿದ್ದ ಭಯಗಳು ಒಂದೊಂದಾಗಿ ಸುಳ್ಳಾದವು. ಹೊಸಬರು ಹಳಬರೊಡನೆ ಹೊಂದಿಕೊಂಡರು, ಕಾಲುಗಳು ಸೋಲಲಿಲ್ಲ.

ಊರಿನ ಹುಡುಗನ ಸುದ್ದಿ ಇಷ್ಟು ಒಳ್ಳೆಯದಾಗಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ರಸಾಯನಶಾಸ್ತ್ರದಲ್ಲಿ ನಪಾಸು. ಭೌತಶಾಸ್ತ್ರದಲ್ಲಿ ಅಂಚಿನ ಅಂಕ. ಇಂಗ್ಲಿಷಿನಿಂದಲೇ ಹೀಗಾಯಿತೆಂದು ಮನೆಯವರೆಲ್ಲರೂ ತಿಳಿದರು. ಮೇಷ್ಟರು ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಎರಡು ದಿನ ಅವನ ಹತ್ತಿರ ಕುಳಿತರು. ಹುಡುಗನ ಇಂಗ್ಲಿಷು ಪುಸ್ತಕವನ್ನು ಓದಿ ತಿಳಿಯುವಷ್ಟು ಆಗಲೇ ಬೆಳೆದಿತ್ತು. ತೊಡಕು ಬೇರೆಡೆಯಲ್ಲಿತ್ತು. ಊರಿನ ಶಾಲೆಯಲ್ಲಿ ಅವನು ತಿಳಿಯದುದನ್ನು ಕೇಳಬೇಕಾದ ಪ್ರಸಂಗವೇ ಬಂದಿರಲಿಲ್ಲ. ಉಳಿದವರು ಅವನನ್ನು ಕೇಳುತ್ತಿದ್ದರು. ಹೊಸ ತರಗತಿಯಲ್ಲಿ ಮೊದಲನೆಯ ವಾರವೇ ಒಂದು ಪಾಠ ತಿಳಿಯಲಿಲ್ಲ. ಕೇಳುವುದು ಅವನಿಗೆ ಅಭ್ಯಾಸವಿಲ್ಲ. ನಾಚಿಕೆಯಿಂದ ಸುಮ್ಮನಿದ್ದನು. ಅದರ ಮೇಲಿನ ಪಾಠಗಳೆಲ್ಲವೂ ಹಾಗೆಯೇ ಹೋದವು. ತಾಲ್ಲೂಕಿನ ಮೊದಲ ಸಾಲಿನಲ್ಲಿದ್ದುದೇ, ಎಡದ ಅಂಕಣದ ಕಿರೀಟವೆಂದು ಮನೆಯವರು ತಿಳಿದಿದ್ದುದೇ, ಅವನ ಬಾಯಿಯನ್ನು ಕಟ್ಟಿತ್ತು. "ತಾತ, ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಎನ್ನುತ್ತಾರೆ" ಎಂದನು. "ಎನ್ನಲಿ ಬಿಡು ಮಗು, ಆಮೇಲೆ ಹೇಳಿಯೂ ಕೊಡುತ್ತಾರೆ" ಎಂದು ಮೇಷ್ಟರು ಉತ್ತರವಿತ್ತರು.

2018ರ ಮಾರ್ಚಿ 17, ಯುಗಾದಿಯ ಹಿಂದಿನ ದಿನದ ಅಮಾವಾಸ್ಯೆ. ಸೂಪರ್ ಲೀಗಿನ ಅಂತಿಮ ಪಂದ್ಯವು ಬೆಂಗಳೂರಿನಲ್ಲಿಯೇ, ಚೆನ್ನೈ ತಂಡದ ಎದುರು. ಒಂಬತ್ತನೆಯ ನಿಮಿಷದಲ್ಲಿ ಛೇತ್ರಿಯ ಗೋಲು ಬಿದ್ದಾಗ ಮೇಷ್ಟರ ಪಡಸಾಲೆಯಲ್ಲಿ ಸೇರಿದವರು ಗೆದ್ದೇಬಿಟ್ಟೆವೆಂದರು. ಆದರೆ ಎದುರು ಪಕ್ಷದ ಬ್ರೆಜಿಲಿಯನ್ ರಕ್ಷಕ ಮೈಲ್ಸನ್ ಆಲ್ವೆಸ್ ವಿರಾಮಕ್ಕೆ ಮೊದಲು ಎರಡು ಸಲ ತಲೆಯಿಂದ ಚೆಂಡನ್ನು ಒಳಕ್ಕೆ ನೂಕಿದನು. ಎರಡೂ ಮೂಲೆಯ ಒದೆತಗಳಿಂದ ಬಂದ ಗೋಲುಗಳು. ಕೊನೆಗೆ ಸೋಲು 3-2. ಋತುವಿನುದ್ದಕ್ಕೂ ಎಲ್ಲರಿಗಿಂತ ಮೇಲಿದ್ದ ತಂಡವು ತನ್ನ ಅಂಗಳದಲ್ಲಿಯೇ ಬಿದ್ದಿತು. ಮೇಷ್ಟರು ಪುಸ್ತಕವನ್ನು ತೆಗೆದು ನೋಡಿದರು. ಕುಂದಿನ ಅಂಕಣದಲ್ಲಿದ್ದ ಹನ್ನೊಂದು ಬಾಬುಗಳಲ್ಲಿ ಮೂಲೆಯ ಒದೆತವೆಂಬುದಿರಲಿಲ್ಲ. ಮರುದಿನ ಬೇವುಬೆಲ್ಲವನ್ನು ಹಂಚುವಾಗ ಸಾಹೇಬರು ಬಂದು, ತಮ್ಮ ಪಾಲನ್ನು ಬಾಯಿಗೆ ಹಾಕಿಕೊಂಡು, ನೂಲಿನ ಮಾತನ್ನೆತ್ತದೆ ಹೋದರು. ಅದು ಅವರ ದೊಡ್ಡತನ.

ತಂಡದವರು ಮರಳಿ ಅಭ್ಯಾಸಕ್ಕಿಳಿದರು. ರೋಕಾ ಅವರ ತರುವಾಯ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಶಿಕ್ಷಕರಾದರು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚಿ 17ರಂದು, ಮುಂಬಯಿಯಲ್ಲಿ ಗೋವಾ ತಂಡದ ಎದುರು ಮತ್ತೆ ಅಂತಿಮ ಪಂದ್ಯ. ತೊಂಬತ್ತು ನಿಮಿಷಗಳಲ್ಲಿ ಗೋಲಿಲ್ಲ. ಹೆಚ್ಚಿನ ಅವಧಿಯೂ ಮುಗಿಯುತ್ತ ಬಂದಾಗ ದಿಮಾಸ್ ಒದೆದ ಮೂಲೆಯ ಚೆಂಡಿಗೆ ರಾಹುಲ್ ಭೇಕೆ ತಲೆಗೊಟ್ಟರು. ಒಂದೇ ಗೋಲು, ಕಪ್ಪು ಬೆಂಗಳೂರಿಗೆ ಬಂದಿತು. ಒಂದು ವರ್ಷದ ಹಿಂದೆ ಯಾವ ಬಾಗಿಲಿನಿಂದ ಸೋಲು ನುಗ್ಗಿತ್ತೋ ಅದೇ ಬಾಗಿಲಿನಿಂದ ಗೆಲುವು ಬಂದಿತು. ಪಿ.ಯು. ಅಂತಿಮ ಪರೀಕ್ಷೆಯ ಆ ದಿನಗಳಲ್ಲಿ ಮೊಮ್ಮಗನು ಆಟವನ್ನು ನೋಡಲಿಲ್ಲ. ಆ ವರ್ಷ ಅವನು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದನು. ತರಗತಿಗೆ ಮೊದಲಿಗನಾಗಲಿಲ್ಲ, ಆಗಬೇಕೆಂಬ ಹಟವೂ ಅವನಲ್ಲಿ ಉಳಿದಿರಲಿಲ್ಲ. ಅತಿ ಹೆಚ್ಚು ಪ್ರಶ್ನೆ ಕೇಳುವವನೆಂಬ ಹೆಸರು ಮಾತ್ರ ಬಂದಿತ್ತು.

ಪ್ರತಿವರ್ಷ ಜೂನ್ ತಿಂಗಳಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಬಸ್ ನಿಲ್ದಾಣಗಳಲ್ಲಿ ಟ್ರಂಕು ಹಿಡಿದ ಹುಡುಗ ಹುಡುಗಿಯರು ನಿಂತಿರುತ್ತಾರೆ. ಅವರನ್ನು ಕಳುಹಿಸಿಕೊಡುವ ಮನೆಗಳಲ್ಲಿ ಯಾರಾದರೊಬ್ಬರು ಮನಸ್ಸಿನೊಳಗೇ ಈ ಎರಡು ಅಂಕಣಗಳನ್ನು ಬರೆಯುತ್ತಿರುತ್ತಾರೆ. ಬರೆಯುವುದು ಒಳ್ಳೆಯದೇ. ಆದರೆ ಬಲವೆಂದು ಬರೆದುದರ ಎದುರಿಗೆ ಅದು ಯಾವ ನೆಲದ ಬಲವೆಂಬುದನ್ನೂ ಬರೆಯಬೇಕು. ಕುಂದಿನ ಕಡೆ ಕೆಲವು ಸಾಲುಗಳನ್ನು ಖಾಲಿಯಾಗಿ ಬಿಡಬೇಕು. ಅವನ್ನು ತುಂಬುವುದು ಮನೆಯವರಲ್ಲ, ಕಣ. ತುಂಬಿದ ದಿನ ಮಗುವು ಊರಿಗೆ ಬಂದರೆ ಮುಖ ತಿರುಗಿಸದೆ ಊಟಕ್ಕೆ ಬಡಿಸಿ, ಮರುದಿನದ ಬಸ್ಸಿಗೆ ಮತ್ತೆ ಹತ್ತಿಸಬೇಕು. ಮೇಷ್ಟರ ಪುಸ್ತಕದಲ್ಲಿ ಈಚಿನ ಪುಟಗಳಲ್ಲೆಲ್ಲ ಬಲಗಡೆಯ ಕೊನೆಯ ಮೂರು ಸಾಲುಗಳು ಬರಿದಾಗಿಯೇ ಇರುತ್ತವೆ.